ಹಕ್ಕಲಿನ ಮೇಲೊಂದು ಸುಣ್ಣದ ಗೆರೆ

ಭೂಗೋಳ ಕಲಿಸುವವರಿಗೆ ದಾರಿ ಗೊತ್ತಿರುತ್ತದೆ ಎಂದು ಜನ ನಂಬುತ್ತಾರೆ. ಕನ್ನಡ ಪಂಡಿತರು ಮನೆಯಲ್ಲಿ ಜಗಳವನ್ನೂ ಛಂದಸ್ಸಿನಲ್ಲೇ ಆಡುತ್ತಾರೆ ಎಂದು ನಂಬಿದ ಹಾಗೆ. ನಾನು ಬಾರ್ಕೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಎಂ.ಎ.ಯಲ್ಲಿ ಓದಿದ್ದು ಭೂಗೋಳವನ್ನೇ. ದಕ್ಷಿಣ ಅಮೆರಿಕದ ನಕ್ಷೆಯನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ ಎತ್ತದೆ ಬರೆದು ತೋರಿಸಬಲ್ಲೆ. ಆದರೆ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಹಾಲಾಡಿ ಬಸ್ಸು ಯಾವ ಮೂಲೆಯಲ್ಲಿ ನಿಲ್ಲುತ್ತದೆ ಎಂದು ಈಗಲೂ ಯಾರನ್ನಾದರೂ ಕೇಳಿಯೇ ಹತ್ತುವುದು. ಇದರಿಂದ ನನ್ನ ಆತ್ಮವಿಶ್ವಾಸಕ್ಕೇನೂ ಕುಂದು ಬಂದಿರಲಿಲ್ಲ. ನಕ್ಷೆ ಸರಿಯಿದ್ದರೆ ಊರು ಸರಿಯಿದ್ದೇ ಇರುತ್ತದೆ ಎಂದು ತಿಳಿದಿದ್ದವಳು ನಾನು. ಈ ತಿಳಿವಳಿಕೆಯಿಂದ ಗಂಡನನ್ನು ಕಳೆದುಕೊಳ್ಳಲು ನನಗೆ ಹತ್ತು ಅಡಿ ಮಾತ್ರ ಬಾಕಿಯಿತ್ತು ಎನ್ನುವುದನ್ನು ಹೇಳಲಿಕ್ಕೇ ಇಷ್ಟು ಪೀಠಿಕೆ.

ನಮ್ಮವರದ್ದು ಹಾಲಾಡಿಯ ನಾಲ್ಕು ರಸ್ತೆ ಸೇರುವಲ್ಲಿ ಒಂದು ಹೋಟೆಲು. ಚಿಕ್ಕಂದಿನಲ್ಲಿ ಮುಂಬಯಿಯ ಕ್ಯಾಂಟೀನುಗಳಲ್ಲಿ ನಿಂತು ನಿಂತು ಕಾಲು ಸೋತಿದ್ದಕ್ಕೋ ಏನೋ, ಊರಿಗೆ ಬಂದು ಸ್ವಂತ ಹೋಟೆಲು ಹಾಕಿದವರು ಇಪ್ಪತ್ತು ವರ್ಷ ಕುರ್ಚಿಯಿಂದ ಏಳಲೇ ಇಲ್ಲ. ಐವತ್ತನೆಯ ವರ್ಷಕ್ಕೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು, "ಮೈ ಬಗ್ಗಿಸಬೇಕು, ಬೆವರಬೇಕು, ಬಯಲಿನ ಗಾಳಿಗೆ ಹೋಗಬೇಕು" ಎಂದರು. ಲೋಕದಲ್ಲಿ ಎಲ್ಲರೂ ಇದನ್ನು ಬೆಳಗಿನ ವಾಕಿಂಗ್ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ನಮ್ಮವರು ಇದನ್ನು ಮೋಟಾರ್ ಬೈಕು ಎಂದು ಅರ್ಥ ಮಾಡಿಕೊಂಡರು. ಬರೀ ಬೈಕಲ್ಲ, ರಸ್ತೆ ಬಿಟ್ಟು ಕಲ್ಲು, ಕೆಸರು, ದಿಣ್ಣೆಗಳ ಮೇಲೆ ಓಡಿಸಲಿಕ್ಕೆಂದೇ ಮಾಡಿದ, ಚಕ್ರಕ್ಕೆ ಹಲ್ಲು ಹಲ್ಲಿನ ಟಯರಿರುವ, ಮಡ್‌ಗಾರ್ಡು ಕೊಕ್ಕರೆಯ ಕೊಕ್ಕಿನಂತೆ ಮೇಲಕ್ಕೆದ್ದಿರುವ ಬೈಕು. "ನಿಂತ್ಕಂಡ್ ಬಿಡುದ್ ಅದನ್ನ. ಹತ್ತ್ ನಿಮಿಷಕ್ಕೆ ಬೆವ್ರಿಗೆ ಅಂಗಿ ಎಲ್ಲ ಚಂಡಿ" ಎಂದು ನನಗೆ ಪಾಠ ಮಾಡಿದರು.

ಎಲ್ಲಿ ಓಡಿಸುವುದು ಎನ್ನುವುದೇ ಪ್ರಶ್ನೆಯಾಯಿತು. ಗೆಳೆಯರೊಬ್ಬರ ಹಳೆಯ ಬೈಕು ತೆಗೆದುಕೊಂಡು ಒಮ್ಮೆ ಮರವಂತೆಯ ಕಡಲ ದಂಡೆಯ ಹೊಯ್ಗೆಗೆ ಇಳಿಸಿದ್ದರಂತೆ. ಪೊಲೀಸರೊಬ್ಬರು ಬಂದು, "ಹ್ವಾಯ್, ಪ್ರಾಯ ಎಷ್ಟ್ ಆಯ್ತ್?" ಎಂದಷ್ಟೇ ಕೇಳಿದರಂತೆ. ದಂಡ ಹಾಕಿದ್ದರೆ ಇವರಿಗೆ ಅಷ್ಟು ಬೇಸರವಾಗುತ್ತಿರಲಿಲ್ಲ. ಇನ್ನೊಮ್ಮೆ ಗುಡ್ಡದ ದಾರಿ ಹಿಡಿದಾಗ ಅರಣ್ಯ ಇಲಾಖೆಯ ವಾಚರ್ ಎದುರಿಗೆ ಸಿಕ್ಕಿ ಉಪದೇಶ ಮಾಡಿ ಕಳಿಸಿದ. ಅಂದಿನಿಂದ ನಮ್ಮವರ ಬಾಯಲ್ಲಿ ಒಂದೇ ಮಾತು: "ಮಾಡುದಾರೆ ಕಾನೂನ್ ಪ್ರಕಾರವೇ ಮಾಡುದ್."

ಆಗ ನಾನೇ ಹೇಳಿದೆ, "ನನ್ನ ಹಕ್ಕಲ್ ಇತ್ತಲೆ" ಎಂದು. ನೆನಪಿಡಿ, ನಾನೇ ಹೇಳಿದ್ದು.

ನಮ್ಮಲ್ಲಿ ಹಿಂದಿನಿಂದ ಆಸ್ತಿ ಹೆಣ್ಣಿನ ಸಂತಾನಕ್ಕೆ ಇಳಿಯುವ ಪದ್ಧತಿ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಹಾಲಾಡಿಯ ಒಳಗೆ ಎರಡೂವರೆ ಎಕರೆ ಹಕ್ಕಲು ಬಂದಿದೆ. ಹಕ್ಕಲು ಎಂದರೆ ಕುರುಚಲು ಗಿಡಗಳ, ಕೆಂಪು ಮುರಕಲ್ಲಿನ ಬೋಳು ನೆಲ. ಅಲ್ಲಿ ಏನೂ ಬೆಳೆಯುವುದಿಲ್ಲ, ಬಿಸಿಲು ಮಾತ್ರ ಯಥೇಚ್ಛ. ಈ ಪದ್ಧತಿಯನ್ನು ಹೊರಗಿನವರು ಬಹಳ ಹೊಗಳುತ್ತಾರೆ. ಅವರಿಗೆ ತಿಳಿಯದ ಸಂಗತಿಯೆಂದರೆ, ಆಸ್ತಿ ಹೆಂಗಸಿನ ಹೆಸರಿನಲ್ಲಿರುತ್ತದೆ, ಆದರೆ ಅದರಲ್ಲಿ ತಿರುಗಾಡುವುದು ಸೋದರಮಾವ. ನಮ್ಮ ಪಾಲಿಗೆ ಜಾಗವೆಂದರೆ ಟ್ರಂಕಿನಲ್ಲಿರುವ ಕಾಗದ. ಮಾವ ತೀರಿಹೋಗಿ ಎಷ್ಟೋ ವರ್ಷಗಳಾದರೂ ನಾನು ಹಕ್ಕಲಿನ ರಸ್ತೆ ಬದಿಯ ಅಂಚು ಬಿಟ್ಟು ಒಳಗೆ ಕಾಲಿಟ್ಟವಳಲ್ಲ. ಆದರೂ ಯಾರಾದರೂ ಕೇಳಿದರೆ, "ಅಂಗೈ ಗೆರೆ ಹಾಗೆ ಗೊತ್ತು" ಎನ್ನುತ್ತಿದ್ದೆ. ಸರ್ವೆ ನಕ್ಷೆ ನಿಜಕ್ಕೂ ಬಾಯಿಪಾಠವಾಗಿತ್ತು.

ಬೈಕು ಸಿಕ್ಕಿದ್ದು ಬೈಂದೂರಿನಲ್ಲಿ. ಮಾರುವವರು ಭಾಸ್ಕರಣ್ಣ ಎಂದು, ಮೀನಿಗೆ ಹಾಕುವ ಐಸು ಮಾಡುವ ಕಾರ್ಖಾನೆಯಲ್ಲಿ ಕೆಲಸ. ನಾನೂ ಹೋಗಿದ್ದೆ, ಕಾಗದಪತ್ರ ಓದಲಿಕ್ಕೆ. ನಮ್ಮ ಕಡೆ ಹಳೆಯ ಗಾಡಿ ಕೊಳ್ಳುವಾಗ ಗಂಡಸು ಟಯರಿಗೆ ಒದೆಯುತ್ತಾನೆ, ಓದಿದ ಹೆಂಡತಿ ಆರ್.ಸಿ. ಓದುತ್ತಾಳೆ. ಆರ್.ಸಿ.ಯಲ್ಲಿದ್ದ ಚಾಸಿ ನಂಬರು ಬೈಕಿನ ಮೇಲೆ ಇದೆಯೋ ಎಂದು ನಾನು ಸೀರೆ ಸೆರಗು ಸಿಕ್ಕಿಸಿ, ಟಾರ್ಚು ಹಿಡಿದು ಬಗ್ಗಿದೆ. ಹದಿನೇಳು ಅಕ್ಷರ ಅಂಕಿಗಳನ್ನು ಗಟ್ಟಿಯಾಗಿ ಓದಿ, ಹಾಜರಿ ಹಾಕಿದ ಹಾಗೆ ಒಂದೊಂದಕ್ಕೂ ಗುರುತು ಮಾಡಿಕೊಂಡೆ.

"ಟೀಚರಮ್ಮ, ಅದ್ ಬೈಕ್. ಎಸ್ಸೆಸ್ಸೆಲ್ಸಿ ಪೇಪರ್ ಅಲ್ಲ" ಎಂದರು ಭಾಸ್ಕರಣ್ಣ.

"ಕೊಡುದ್ ಎಂತಕೆ?" ಎಂದು ನಮ್ಮವರು ಕೇಳಿದರು. ಹಳೆಯ ಗಾಡಿಯ ಮುಂದೆ ನಿಂತು ಕೇಳಲೇಬೇಕಾದ ಪ್ರಶ್ನೆ ಇದು.

"ಹೆಂಡ್ತಿ ಬೇಡ ಅಂದ್ಲ್." ಕೊಡಲೇಬೇಕಾದ ಉತ್ತರವೂ ಇದೇ. ನಮ್ಮವರು ನನ್ನನ್ನು ನೋಡಿ ಹೆಮ್ಮೆಯಿಂದ ನಕ್ಕರು. ತಮ್ಮ ಹೆಂಡತಿ ಬೇಕು ಅಂದವಳು ಎಂಬ ನಗು ಅದು.

ಭಾಸ್ಕರಣ್ಣ ಕೊನೆಗೆ ಒಂದು ಮಾತು ಹೇಳಿದರು. "ಬ್ರೇಕ್ ಮಾತ್ರ ಕಂಡ್ಕಣಿ. ನಾ ಹೊಸ್ತ್ ಹಾಕ್ಸಿದ್ದೆ. ಮುಟ್ರೆ ಸಾಕ್, ಗಪ್ಪ ನಿಲ್ಲತ್." ನಮ್ಮವರು ಅಂಗಳದಲ್ಲಿ ಓಡಿಸಿ ಹಿಡಿದು ನೋಡಿದರು. ಗಪ್ಪನೆ ನಿಂತಿತು. ಅವರ ಕನ್ನಡಕ ಮಾತ್ರ ನಿಲ್ಲದೆ ಮುಂದೆ ಹೋಗಿ ತುಳಸಿಕಟ್ಟೆಯ ಹತ್ತಿರ ಬಿತ್ತು.

ಗಾಡಿ ಇವರ ಹೆಸರಿಗೆ ಬಂತು, ವಿಮೆ ಆಯಿತು, ಹೆಲ್ಮೆಟ್ಟು, ಮೊಣಕಾಲಿನ ಚಿಪ್ಪು ಎಲ್ಲ ಬಂದವು. ಇನ್ನೇನು ಎನ್ನುವಾಗ ನಮ್ಮವರು ನನ್ನ ಮುಂದೆ ಬಿಳಿ ಹಾಳೆ ಇಟ್ಟರು. "ಜಾಗ ನಿನ್ ಹೆಸ್ರಗ್ ಇಪ್ಪುದ್. ನಿನ್ ಒಪ್ಪಿಗಿ ಬೇಕ್."

"ಒಪ್ಪಿದ್ನಲೆ?"

"ಬಾಯಗ್ ಒಪ್ರೆ ಆತಿಲ್ಲೆ. ಕಾಗ್ದ ಬೇಕ್."

ನನಗೆ ಇಂಥದ್ದೆಲ್ಲ ಬಹಳ ಇಷ್ಟ. ಕೂತು ಬರೆದೆ. ಜಾಗದ ನಾಲ್ಕು ಎಲ್ಲೆಗಳನ್ನು ಹಳೆಯ ಪತ್ರಗಳ ಧಾಟಿಯಲ್ಲೇ, ಪೂರ್ವಕ್ಕೆ ಅರಣ್ಯ ಇಲಾಖೆಯ ಗಡಿಕಲ್ಲು, ಪಶ್ಚಿಮಕ್ಕೆ ಪಂಚಾಯತಿ ರಸ್ತೆ ಎಂದೆಲ್ಲ ಚಕ್ಕುಬಂದಿ ಸಹಿತ ನಮೂದಿಸಿ, "ಸದರಿ ಸ್ಥಳದಲ್ಲಿ ನನ್ನ ಪತಿಯವರು ದ್ವಿಚಕ್ರ ವಾಹನ ಚಲಾಯಿಸಲು ನನ್ನ ಆಕ್ಷೇಪವಿಲ್ಲ" ಎಂದು ಸಹಿ ಹಾಕಿದೆ. ಸಾಕ್ಷಿಗೆ ಅತ್ತೆಯನ್ನು ಕರೆದೆವು. ಅತ್ತೆಗೆ ಓದಲು ಬರುವುದಿಲ್ಲ. ಹೆಸರನ್ನು ಮಾತ್ರ ರಂಗೋಲಿ ಹಾಕಿದಂತೆ ಚುಕ್ಕಿ ಎಣಿಸಿ ಬರೆಯುತ್ತಾರೆ. "ಗಂಡ ಹೆಂಡ್ತಿ ನಡ್ಕೆ ಕಾಗ್ದ ಎಂತಕಾ? ಜಗ್ಳ ಆಯ್ತಾ?" ಎಂದು ಗಾಬರಿಯಿಂದ ಕೇಳಿದರು.

"ಕಾನೂನ್ ಅಮ್ಮ" ಎಂದರು ನಮ್ಮವರು.

"ಕಾನೂನ್ ಬೈಕ್ ಬಿಡ್ತಿಲ್ಲೆ ಮಗ, ಬಿಡುದ್ ನೀನ್" ಎಂದು ಹೇಳಿ ಅತ್ತೆ ಚುಕ್ಕಿ ಇಡಲು ಕೂತರು.

ಪೂರ್ವದ ಕಡೆ ಅರಣ್ಯ ಇಲಾಖೆಯ ಜಾಗ ಇದ್ದದ್ದರಿಂದ ಗೆರೆ ದಾಟಿದರೆ ಮತ್ತೆ ವಾಚರನ ಉಪದೇಶ ಕೇಳಬೇಕು. ಆದ್ದರಿಂದ ಬೈಕು ಎಲ್ಲೆಲ್ಲಿ ಹೋಗಬಹುದು ಎಂದು ಸುಣ್ಣದಲ್ಲಿ ಗುರುತು ಮಾಡುವ ಕೆಲಸವನ್ನು ನಾನು ವಹಿಸಿಕೊಂಡೆ. ಶಾಲೆಯ ಕ್ರೀಡಾಕೂಟಕ್ಕೆ ಟ್ರ್ಯಾಕು ಹಾಕಿದ ಅನುಭವ ಇತ್ತು. ಒಂದು ಭಾನುವಾರ ಬೆಳಿಗ್ಗೆ ನಕ್ಷೆ, ಅಳತೆಯ ಟೇಪು, ಒಂದು ಚೀಲ ಸುಣ್ಣದ ಪುಡಿ ಹಿಡಿದು ಹೋದೆ. ರಸ್ತೆಯ ಬದಿಯಿಂದ ಶುರು ಮಾಡಿ ಅಚ್ಚುಕಟ್ಟಾಗಿ ಗೆರೆ ಎಳೆದೆ. ಅರ್ಧ ದಾರಿಯಾದ ಮೇಲೆ ಕೇಪಳದ ಪೊದೆಗಳು ಎದೆಯೆತ್ತರ ಬೆಳೆದಿದ್ದವು. ಅವುಗಳ ಮೇಲಿನಿಂದ ಆಚೆ ಬದಿಯ ಗಡಿಕಲ್ಲು ಸ್ಪಷ್ಟ ಕಾಣಿಸುತ್ತಿತ್ತು. ನಕ್ಷೆ ನೋಡಿದೆ: ಇಲ್ಲಿಂದ ಅಲ್ಲಿಗೆ ನೇರ ರೇಖೆ, ನಡುವೆ ಏನೂ ಇಲ್ಲ. ಬಿಸಿಲು ಏರಿತ್ತು, ಸೀರೆಗೆ ಮುಳ್ಳು ಸಿಕ್ಕುತ್ತಿತ್ತು. ಪೊದೆಯೊಳಗೆ ನುಗ್ಗುವುದು ಯಾಕೆ ಎಂದು ಗೆರೆಯನ್ನು ಅಲ್ಲಿಗೇ ನಿಲ್ಲಿಸಿ, ಪೊದೆಗಳ ನಡುವೆ ದನ ತಿರುಗಾಡಿ ಆದ ಸಂದಿಯ ಕಡೆಗೆ ಒಂದು ದೊಡ್ಡ ಬಾಣದ ಗುರುತು ಹಾಕಿದೆ. ನಾನು ಬರೆದ ಯಾವ ನಕ್ಷೆಯೂ ಬಾಣವಿಲ್ಲದೆ ಮುಗಿದದ್ದಿಲ್ಲ. ಪಕ್ಕದಲ್ಲಿ ಪುಟ್ಟದೊಂದು ಬಾಣ ಹಾಕಿ 'ಉ' ಎಂದು ಉತ್ತರ ದಿಕ್ಕನ್ನೂ ಬರೆದೆ.

ಆ ನಕ್ಷೆ ನನ್ನಜ್ಜಿಯ ಕಾಲದ್ದು. ಸೋದರಮಾವ ಮನೆ ಕಟ್ಟಿಸಿದ್ದು ಅದಾಗಿ ಎಷ್ಟೋ ವರ್ಷಗಳ ನಂತರ. ಆ ಮನೆಯ ಚಾವಡಿಯಲ್ಲೇ ನನ್ನ ಮದುವೆಯ ಮಾತುಕತೆ ನಡೆದದ್ದು. ಗೋಡೆಯ ಕೆಂಪುಕಲ್ಲನ್ನು ಬೆನ್ನಿಗೆ ಒತ್ತಿಕೊಂಡೇ ನಾನು ನಾಚಿ ನಿಂತದ್ದು. ಆ ಕಲ್ಲು ಎಲ್ಲಿಂದ ಬಂತು ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. 'ಜಂಬಿಟ್ಟಿಗೆ ಮಣ್ಣು ಎಲ್ಲೆಲ್ಲಿ ಕಂಡುಬರುತ್ತದೆ?' ಎಂದು ಪ್ರತಿ ವರ್ಷ ಮಕ್ಕಳಿಗೆ ಎರಡು ಅಂಕದ ಪ್ರಶ್ನೆ ಕೊಡುವವಳು ನಾನು.

ಮುಂದಿನ ಭಾನುವಾರ ನಮ್ಮವರು ಮೊದಲ ಸವಾರಿಗೆ ಇಳಿದರು. ಮೂರು ಸುತ್ತು ಈಚೆ ಬದಿಯ ಬಯಲಿನಲ್ಲೇ ಹೊಡೆದರು. ಹೇಳಿದಂತೆ ನಿಂತುಕೊಂಡೇ ಬಿಟ್ಟರು, ಹೇಳಿದಂತೆ ಅಂಗಿ ಚಂಡಿಯಾಯಿತು. ಇಪ್ಪತ್ತು ವರ್ಷ ಕುರ್ಚಿಗೆ ಅಂಟಿದ್ದ ಮನುಷ್ಯ ಕಲ್ಲಿನಿಂದ ಕಲ್ಲಿಗೆ ಹಾರುವುದನ್ನು ಕಂಡು, ನಿಜ ಹೇಳುತ್ತೇನೆ, ನನಗೆ ಮದುವೆಯಾದ ಹೊಸತರಲ್ಲಿ ಆದಂತೆ ಆಯಿತು. "ಇನ್ ಆಚಿ ಬದಿಗೆ ಹೋಯ್ನಿ! ಬಾಣ ಹಾಕಿದ್ದೆ, ಸೀದ ಹೋಯ್ನಿ!" ಎಂದು ಕೈ ಬೀಸಿ ಕೂಗಿದೆ. ಅವರು ಹೆಬ್ಬೆರಳು ಎತ್ತಿ ತೋರಿಸಿ ಪೊದೆಗಳ ಸಂದಿಯಲ್ಲಿ ಮರೆಯಾದರು.

ಮುಂದಿನದನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಮೊದಲು ಎಂಜಿನ್ನಿನ ಶಬ್ದ ಇತ್ತು. ಆಮೇಲೆ ಆ ಶಬ್ದ ಒಮ್ಮೆಲೇ ಕಿರುಚಿದಂತೆ ಏರಿತು. ಚಕ್ರಕ್ಕೆ ನೆಲ ಸಿಗದಿದ್ದರೆ ಹಾಗಾಗುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ. ಆ ಬಳಿಕ ದೊಡ್ಡ ಬಂಡೆಯೊಂದನ್ನು ಬಾವಿಗೆ ಎತ್ತಿ ಹಾಕಿದಂತೆ ನೀರಿನ ಶಬ್ದ. ಆ ಬೋಳು ಹಕ್ಕಲಿನಲ್ಲಿ, ಜನವರಿಯ ಬಿಸಿಲಿನಲ್ಲಿ, ನೀರು! ನಕ್ಷೆಯಲ್ಲಿ ನೀರಿಲ್ಲವಲ್ಲ ಎಂದು ಯೋಚಿಸಿದೆ. ಹೌದು, ಗಂಡ ಏನಾದರು ಎಂದಲ್ಲ, ನಕ್ಷೆಯಲ್ಲಿ ನೀರಿಲ್ಲವಲ್ಲ ಎಂದು. ಆಮೇಲೆ ಏನೂ ಕೇಳಿಸಲಿಲ್ಲ. ಓಡಿದೆ. ಒಂದು ಚಪ್ಪಲಿ ಎಲ್ಲೋ ಹೋಯಿತು, ಇನ್ನೊಂದನ್ನು ನಾನೇ ಬಿಸಾಡಿದೆ. ಅವರ ಹೆಸರನ್ನು ಕೂಗಿದೆ. ಮದುವೆಯಾಗಿ ಇಪ್ಪತ್ತಮೂರು ವರ್ಷಗಳಲ್ಲಿ ನಾನು ಅವರ ಹೆಸರು ಹಿಡಿದು ಕೂಗಿದ್ದು ಅದೇ ಮೊದಲು. ಈಗಲೂ ಹಿತ್ತಿಲಿನ ಬಾವಿಗೆ ತೆಂಗಿನಕಾಯಿ ಬಿದ್ದು ದುಡುಂ ಎಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು, ಅವರು ಎಲ್ಲಿದ್ದಾರೆ ಎಂದು ಮೊದಲು ನೋಡಿ ಬರುತ್ತೇನೆ.

ಪೊದೆಯ ಆಚೆ ನೆಲವೇ ಇರಲಿಲ್ಲ. ಚಾಕುವಿನಿಂದ ಹಲ್ವ ಕೊಯ್ದಂತೆ ಕತ್ತರಿಸಿದ ಕೆಂಪು ಗೋಡೆ, ಕೆಳಗೆ ಹಸಿರು ನೀರು. ಮಾವ ಮನೆಗೆ ಕಲ್ಲು ತೆಗೆಸಿದ ಹೊಂಡ. ಅಂಚಿನಿಂದ ಹತ್ತು ಅಡಿ ಈಚೆಗೆ, ಕೇಪಳದ ಪೊದೆಯ ನಡುವೆ, ಹೆಲ್ಮೆಟ್ಟಿನ ತುಂಬ ಹೂವು ಎಲೆ ಸಿಕ್ಕಿಸಿಕೊಂಡು ನಮ್ಮವರು ಕೂತಿದ್ದರು. ಸಂದಿಯಿಂದ ಹೊರಬಿದ್ದ ಕೂಡಲೇ ನೀರು ಕಂಡು ಬ್ರೇಕು ಒತ್ತಿದ್ದರು. ಬ್ರೇಕು ಹಿಡಿದಿತ್ತು, ಚಕ್ರಗಳು ನಿಂತರೂ ಅವುಗಳಡಿಯ ಹರಳು ಕಲ್ಲು ನಿಲ್ಲದೆ ಬೈಕನ್ನು ಜಾರಿಸಿಕೊಂಡು ಹೋಯಿತು. ಇನ್ನು ಉಳಿಗಾಲವಿಲ್ಲವೆಂದು ಇವರು ಪಕ್ಕಕ್ಕೆ ಹಾರಿದರು. ಹಾರುವ ಅವಸರದಲ್ಲಿ ಎಕ್ಸಿಲರೇಟರಿನ ಹಿಡಿಕೆ ತಿರುಚಿಹೋಗಿ, ಬೈಕು ತನ್ನ ಪಾಡಿಗೆ ಅಬ್ಬರಿಸುತ್ತ ಮುಂದೆ ಹೋಯಿತು.

"ಬೈಕ್ ಹೋಯ್ತಲೆ ಮಾರಾಯ್ತಿ" ಎಂದರು.

ಆಗ ನಾನು ಅವರನ್ನು ಅಪ್ಪಿಕೊಂಡು ಅಳಬೇಕಿತ್ತು. ಬದಲಿಗೆ ಬಾಯಿಂದ ಟೀಚರಿನ ದನಿ ಹೊರಗೆ ಬಂತು. "ನಿಮ್ಗ್ ಗೆರೆ ಕಾಂತಿಲ್ಯಾ? ಅಷ್ಟ್ ದಪ್ಪ ಎಳ್ದಿದ್ದೆ!"

ಅವರು ನಿಧಾನವಾಗಿ ಹೆಲ್ಮೆಟ್ಟು ತೆಗೆದರು. "ಗೆರೆ ಮೇಲೇ ಬಂದದ್ದ್ ನಾನ್."

ಅಷ್ಟೇ. ಎದ್ದು ಅಂಗಿಯ ಮಣ್ಣು ಕೊಡವಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಊರಿನ ಹದಿನೈದು ಇಪ್ಪತ್ತು ಜನ ಬಂದು ಹಗ್ಗ ಹಾಕಿ ಬೈಕು ಎತ್ತಿದರು. ಹೇಗಾಯಿತು ಎಂದು ಕೇಳಿದವರಿಗೆಲ್ಲ ನಮ್ಮವರು, "ಬ್ರೇಕ್ ಹಿಡಿಲಿಲ್ಲೆ" ಎಂದರು. ನಾನು ಪಕ್ಕದಲ್ಲೇ ಇದ್ದೆ. ನನ್ನ ಮಾನ ಉಳಿಸಲೆಂದೇ ಹಾಗೆ ಹೇಳಿದ್ದು ಎಂದು ಗೊತ್ತಾಗಿ ಕೃತಜ್ಞತೆಯಿಂದ ಸುಮ್ಮನಿದ್ದೆ. ಅತ್ತೆ ಮಗನನ್ನು ಹಿಡಿದು ಬೈದರು. "ಐವತ್ ವರ್ಷದ್ ಮಂಗ" ಎಂದರು. ಊಟಕ್ಕೆ ಬಡಿಸುವಾಗ ಬೈದರು, ಬಡಿಸಿ ಆದ ಮೇಲೆ ಬೈದರು. ಹೋಟೆಲಿಗೆ ಬಂದ ಗಿರಾಕಿಗಳು ಗೋಳಿಬಜೆ ಬಾಯಲ್ಲಿಟ್ಟುಕೊಂಡೇ, "ಹ್ವಾಯ್, ಈಜುಕ್ ಬತ್ತಾ ನಿಮ್ ಬೈಕಿಗೆ?" ಎಂದು ಕೇಳಿದರು. ಇವರು ಎಲ್ಲದಕ್ಕೂ ಬ್ರೇಕನ್ನೇ ಮುಂದೆ ಮಾಡಿದರು. ನಾನು ಪ್ರತಿ ರಾತ್ರಿ ನಾಳೆ ನಿಜ ಹೇಳುತ್ತೇನೆ ಎಂದು ತೀರ್ಮಾನಿಸುತ್ತಿದ್ದೆ. ಪ್ರತಿ ಬೆಳಿಗ್ಗೆ ಶಾಲೆಯ ಬಸ್ಸಿಗೆ ಹೊತ್ತಾಗುತ್ತಿತ್ತು.

ಹೀಗೆ ನಾಲ್ಕು ತಿಂಗಳು ಕಳೆದವು. ಮೇ ತಿಂಗಳ ಒಂದು ಮಧ್ಯಾಹ್ನ ಭಾಸ್ಕರಣ್ಣ ನಮ್ಮ ಮನೆಗೆ ಬಂದರು. ಮಜ್ಜಿಗೆ ಕೊಟ್ಟರೆ ಮುಟ್ಟಲಿಲ್ಲ. ಬ್ರೇಕಿನ ಸುದ್ದಿ ಮೀನಿನ ಲಾರಿ ಹತ್ತಿ ಬೈಂದೂರಿಗೆ ಹೋಗಿತ್ತು. ಬಂದರಿನಲ್ಲಿ ಜನ, ಬ್ರೇಕಿಲ್ಲದ ಗಾಡಿ ಕೊಟ್ಟು ಮನುಷ್ಯನನ್ನು ಕೊಲ್ಲಲು ಹೊರಟವನು ಎಂದು ಅವರನ್ನು ಆಡಿಕೊಳ್ಳುತ್ತಿದ್ದರಂತೆ. "ನಾ ಮೋಸ ಮಾಡ್ದವ ಅಲ್ಲ ಟೀಚರಮ್ಮ. ನೀವೇ ಕಂಡಿದ್ರಿ ಅಲ್ದಾ, ಗಪ್ಪ ನಿಂತದ್ದ್?" ಎಂದರು. ಎದ್ದು ಹೋಗಿ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದ ಬೈಕನ್ನು ದೂಡಿ ಬ್ರೇಕು ಹಿಡಿದರು. ನಾಲ್ಕು ತಿಂಗಳ ತುಕ್ಕಿನಲ್ಲೂ ಅದು ನಿಂತಿತು. ನಮ್ಮವರು ಮಾಡಿನ ಹಂಚು ನೋಡಿದರು. ಅತ್ತೆ ಬಾಗಿಲಿಗೆ ಬಂದು ನಿಂತರು.

ನನಗೆ ಇನ್ನು ಬಸ್ಸಿಗೆ ಹೊತ್ತಾಗುವ ಹಾಗಿರಲಿಲ್ಲ. ರಜೆ. "ಬ್ರೇಕಿಂದ್ ತಪ್ಪಲ್ಲ ಭಾಸ್ಕರಣ್ಣ. ಗೆರೆ ಎಳ್ದದ್ ನಾನ್. ಹೊಂಡ ಇದ್ದದ್ ಕಾಣ್ದೆ ಬಾಣ ಹಾಕ್ದದ್ದೂ ನಾನೇ. ಹೋಯ್ನಿ ಅಂದೇಳಿ ಕೂಗ್ದದ್ದೂ ನಾನೇ" ಎಂದೆ. ಹೇಳುತ್ತ ಹೇಳುತ್ತ ಆ ನೀರಿನ ಶಬ್ದ ಮತ್ತೆ ಕೇಳಿಸಿ ಕಣ್ಣೀರು ಬಂತು. ಬಂದರಿಗೆ ಬಂದು ಎಲ್ಲರೆದುರೂ ಹೀಗೆಯೇ ಹೇಳುತ್ತೇನೆ ಎಂದೂ ಹೇಳಿದೆ.

ಸಿಡಿಲು ಬಡಿದಂತಹ ಮೌನವನ್ನು ನಾನು ನಿರೀಕ್ಷಿಸಿದ್ದೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ಅದ್ ಯಾರಿಗ್ ಗೊತ್ತಿಲ್ಲೆ ಹೆಣೆ?" ಎಂದರು. "ಬೈಕ್ ಎತ್ತುಕ್ ಬಂದವ್ರೆಲ್ಲ ಆ ಬಾಣ ಕಂಡ್ಕಂಡೇ ಹೊಂಡಕ್ ಬಂದದ್ದ್. ಒಬ್ಬರಿಗೂ ದಾರಿ ಕೇಳುಕೇ ಇರ್ಲಿಲ್ಲೆ."

"ಮತ್ತೆ ಇಷ್ಟ್ ದಿನ ಇವ್ರಿಗ್ ಬೈದದ್ ಎಂತಕ್ ಅತ್ತಿ?"

"ಬಾಣ ಯಾರೇ ಹಾಕ್ಲಿ, ಹೋಪವ ಕಣ್ ಬಿಟ್ಕಂಡ್ ಹೋಪುದ್ ಬೇಡ್ದಾ? ನೀ ಯಾವತ್ ಬಾಯ್ ಬಿಡ್ತೆ ಕಾಂಬ ಅಂದೇಳಿ ನಾನೂ ಕಾಯ್ತಾ ಇದ್ದೆ."

ಭಾಸ್ಕರಣ್ಣ ಮಜ್ಜಿಗೆಯ ಲೋಟಕ್ಕೆ ಕೈ ಹಾಕಿದರು. ಇನ್ನೊಂದು ಲೋಟವನ್ನೂ ಕುಡಿದರು. ಬಂದರಿಗೆ ನಾನು ಹೋಗಿ ಹೇಳಿಯೂ ಬಂದೆ. ಅಲ್ಲಿ ಒಬ್ಬಾಕೆ ಮೀನು ಆರಿಸುತ್ತಲೇ, "ಹಂಗಾರೆ ನಿಮ್ ಮಕ್ಕಳ್ ಶಾಲಿಗ್ ಹೋಯಿ ಸರಿಯಾಯ್ ವಾಪಸ್ ಮನಿಗ್ ಬತ್ತೊ?" ಎಂದು ಕೇಳಿದಳು.

ಈಗ ಹೊಂಡದ ಸುತ್ತ ಬೇಲಿ ಬಂದಿದೆ. ಬೈಕು ರಿಪೇರಿಯಾಗಿದೆ, ಇವರ ಸಕ್ಕರೆ ಇಳಿದಿದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಹಕ್ಕಲಿನಲ್ಲಿ ಹೊಸದಾಗಿ ಗೆರೆ ಎಳೆಯಬೇಕು. ಆ ಅಧಿಕಾರ ಈಗ ಅತ್ತೆಯದು. ಎಪ್ಪತ್ತೆಂಟರ ಪ್ರಾಯದಲ್ಲಿ ಕೋಲಿನಿಂದ ನೆಲ ಕುಟ್ಟಿ, ಪೊದೆ ಸರಿಸಿ ಇಣುಕಿ, ಪೂರ್ತಿ ಎರಡೂವರೆ ಎಕರೆ ನಡೆಯುತ್ತಾರೆ. ಅವರು "ಇಲ್ ಹಾಕ್" ಎಂದಲ್ಲಿ ನಾನು ಸುಣ್ಣ ಹಾಕುತ್ತೇನೆ. ಕಳೆದ ವರ್ಷ ನನಗೆ ತಡೆಯಲಾಗದೆ ಬಾಲ್ದಿಯನ್ನು ನೆಲದಲ್ಲಿಟ್ಟು, ನಕ್ಷೆ ಬಿಡಿಸಿ ಹಿಡಿದು, "ಅತ್ತೀ, ಇದರ ಪ್ರಕಾರ ಗೆರೆ ಇನ್ನೊಂಚೂರ್ ಎಡಕ್ಕೆ ಬರ್ಕಿತ್" ಎನ್ನುತ್ತ ಮುಂದೆ ನಡೆದೆ.

"ನೆಲ ಕಾಣ್ ಹೆಣೆ" ಎಂದರು ಅತ್ತೆ.

ಅಷ್ಟರಲ್ಲಿ ನನ್ನ ಬಲಗಾಲು ಮೊಣಕಾಲಿನವರೆಗೆ ಸುಣ್ಣದ ಬಾಲ್ದಿಯೊಳಗಿತ್ತು.